ಟೆಲಿಮ್ಯಾಟಿಕ್ಸ್: ಲಾರಿ ಎಲ್ಲಿದೆ ಅನ್ನುವುದಕ್ಕಿಂತ ಹೇಗಿದೆ ಅನ್ನುವುದು

ಪುಣೆಯ ನಿಗಡಿ ಟ್ರಾನ್ಸ್‌ಪೋರ್ಟ್ ನಗರಿಯಲ್ಲಿ ಟೆಲಿಮ್ಯಾಟಿಕ್ಸ್ ಅಂದರೆ ಅರ್ಧ ಜನ ಮುಖ ನೋಡುತ್ತಾರೆ. ಜಿಪಿಎಸ್ ಅನ್ನಿ, 'ಅದಾ, ನಮ್ಮ ಗಾಡಿಗೂ ಇದೆ' ಅನ್ನುತ್ತಾರೆ. ಎರಡೂ ಒಂದೇ ಅನ್ನುವ ಲೆಕ್ಕದಲ್ಲೇ ಹೆಚ್ಚಿನವರು ದುಡ್ಡು ಕೊಡುತ್ತಾರೆ. ಒಂದೇ ಅಲ್ಲ.

ಪದ ಹುಟ್ಟಿದ್ದು ಫ್ರಾನ್ಸಿನಲ್ಲಿ. 1978ರಲ್ಲಿ ಅಲ್ಲಿನ ಸರ್ಕಾರಕ್ಕೆ ಸಲ್ಲಿಸಿದ ವರದಿಯೊಂದರಲ್ಲಿ ದೂರಸಂಪರ್ಕ ಮತ್ತು ಕಂಪ್ಯೂಟರ್ ಎರಡನ್ನೂ ಬೆಸೆದು ಮಾಡಿದ ಹೆಸರು ಅದು. ಈಗ ಹೆಚ್ಚಾಗಿ ವಾಹನಗಳಿಗೇ ಅಂಟಿಕೊಂಡಿದೆ. ಗಾಡಿಯ ಸ್ಥಿತಿಗತಿಯನ್ನು ಗಾಡಿಯಿಂದಲೇ ತೆಗೆದು, ಮೊಬೈಲ್ ನೆಟ್‌ವರ್ಕ್ ಮೂಲಕ ಕಳಿಸಿ, ಲೆಕ್ಕ ಹಾಕಿ ತೋರಿಸುವ ಇಡೀ ಏರ್ಪಾಡಿಗೆ ಟೆಲಿಮ್ಯಾಟಿಕ್ಸ್ ಅನ್ನುತ್ತಾರೆ. ಜಿಪಿಎಸ್ ಅದರ ಒಂದು ಭಾಗ ಅಷ್ಟೇ.

ವ್ಯತ್ಯಾಸ ಎಲ್ಲಿದೆ ಅಂತ ನೋಡಲು ನಮ್ಮ ದಾರಿಗೇ ಬರೋಣ. ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆಗೆ ಬರುವ ಕರ್ನಾಟಕದ ಲಾರಿಗಳು ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರು ಇಳಿಯಬೇಕು. ಅಪಘಾತಕ್ಕೆ ಹೆಸರಾದ ಜಾಗ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದೇ ಟ್ರಕ್ ಹತ್ತಾರು ವಾಹನಗಳಿಗೆ ಗುದ್ದಿತ್ತು. ಇಂಥ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವುದು, ಕೆಲವೊಮ್ಮೆ ಎಂಜಿನ್ನನ್ನೇ ಬಂದ್ ಮಾಡುವುದು ಹಳೇ ಚಟ.

ಬರೀ ಜಿಪಿಎಸ್ ಇದ್ದರೆ ಮಾಲೀಕನಿಗೆ ಕಾಣುವುದು ಏನು? ನಕ್ಷೆಯ ಮೇಲೆ ಒಂದು ಚುಕ್ಕೆ, ವೇಗ 60. ಎಲ್ಲ ಸರಿ ಇದೆ ಅನ್ನಿಸುತ್ತದೆ. ಸಾಧನ ಎಂಜಿನ್‌ನ ಕಂಪ್ಯೂಟರಿಗೂ ಜೋಡಣೆಯಾಗಿದ್ದರೆ ಇನ್ನೊಂದು ಅಂಕಿ ಪಕ್ಕದಲ್ಲೇ ಬರುತ್ತದೆ: ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ. ವೇಗ 60, ಸುತ್ತು ಬರೀ 600 ಅಂದರೆ ಗಾಡಿ ಗೇರ್‌ನಲ್ಲಿಲ್ಲ. ಚುಕ್ಕೆ ಹೇಳದ ಮಾತು ಅದು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಸಿಗುವ ಸುದ್ದಿ.

ಇಲ್ಲಿ ತಮಾಷೆ ಏನೆಂದರೆ, ಆ ಉಳಿತಾಯವೂ ಸುಳ್ಳು. ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಗೇರ್‌ನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಚಾಲೂ ಇರುವುದಕ್ಕಾದರೂ ಡೀಸೆಲ್ ಸುಡಬೇಕು, ಅಲ್ವಾ? ಇನ್ನು ಬಂದ್ ಮಾಡಿದರೆ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಟ್ಯಾಂಕಿನ ಗಾಳಿ ಇಳಿಯುತ್ತಾ ಹೋಗುತ್ತದೆ, ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಆಮೇಲೆ ಅದಕ್ಕೆ 'ಬ್ರೇಕ್ ಫೇಲ್' ಅಂತ ಹೆಸರು.

ಸಾಧನದ ಒಳಗೆ ಇರುವುದು ಇಷ್ಟು: ಉಪಗ್ರಹದ ಸಿಗ್ನಲ್ ಹಿಡಿಯುವ ಭಾಗ, ಸಿಮ್, ಜೋರು ಬ್ರೇಕ್ ಹಾಗೂ ಅಡ್ಡಾದಿಡ್ಡಿ ತಿರುವು ಗುರುತಿಸುವ ಸೆನ್ಸರ್, ಸಣ್ಣ ಬ್ಯಾಟರಿ, ಒಂದಿಷ್ಟು ಮೆಮೊರಿ. ನಮ್ಮಲ್ಲಿ ಇದಕ್ಕೆ ಎಐಎಸ್-140 ಅನ್ನುವ ಮಾನದಂಡವಿದೆ. ಅದನ್ನು ಪ್ರಕಟಿಸಿದ್ದು ಇದೇ ಪುಣೆಯಲ್ಲಿರುವ, ವಾಹನಗಳ ಪರೀಕ್ಷೆ-ಸಂಶೋಧನೆ ಮಾಡುವ ಎಆರ್‌ಎಐ ಸಂಸ್ಥೆ. 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಬಸ್ಸು, ಟ್ಯಾಕ್ಸಿಗಳಿಗೆ ಇಂಥ ಸಾಧನ ಮತ್ತು ತುರ್ತು ಬಟನ್ ಕಡ್ಡಾಯ ಎಂಬ ನಿಯಮ ಬಂತು. ಆಟೋಗಳಿಗೆ ವಿನಾಯಿತಿ. ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್‌ನ ಸಿಗ್ನಲ್ಲನ್ನೂ ಸಾಧನ ಹಿಡಿಯಬೇಕು ಅನ್ನುವುದು ಅದರಲ್ಲಿದೆ. ಆದರೆ ಆ ಮಾನದಂಡದ ಗಮನ ಮುಖ್ಯವಾಗಿ ಸ್ಥಳ ಮತ್ತು ತುರ್ತು ಸಂದೇಶದ ಮೇಲೆ. ಸಾಧನದ ಮೇಲೆ ಎಐಎಸ್-140 ಅನ್ನುವ ಚೀಟಿ ಇದೆ ಅಂದ ಮಾತ್ರಕ್ಕೆ ಎಂಜಿನ್ ಮಾಹಿತಿ ಬರುತ್ತದೆ ಅಂದುಕೊಳ್ಳಬೇಡಿ.

ಡೀಸೆಲ್ ಕಳ್ಳತನ ಹಿಡಿಯಲು ಟ್ಯಾಂಕಿನೊಳಗೆ ಸೆನ್ಸರ್ ಇಳಿಸುವವರು ಜಾಸ್ತಿ. ಕೆಲಸದ್ದೇ. ಆದರೆ ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಹತ್ತುವಾಗ ಟ್ಯಾಂಕಿನ ಡೀಸೆಲ್ ಒಂದು ಕಡೆಗೆ ವಾಲುತ್ತದೆ, ಸೆನ್ಸರ್ ಮಟ್ಟ ಕಮ್ಮಿ ತೋರಿಸುತ್ತದೆ. ಆಫೀಸಿನಿಂದ ಫೋನು: 'ಏನಪ್ಪಾ, ಘಾಟಿನಲ್ಲಿ ಡೀಸೆಲ್ ಮಾರಿದೆಯಾ?' ಗಾಡಿ ನಿಂತಿತ್ತೋ ಓಡುತ್ತಿತ್ತೋ ಅಂತ ಅದೇ ರಿಪೋರ್ಟಿನಲ್ಲಿ ಮೇಲಿನ ಸಾಲು ನೋಡಿದ್ದರೆ ಸಾಕಿತ್ತು. ಓಡುವ ಗಾಡಿಯಿಂದ ಪೈಪು ಹಾಕಿ ಡೀಸೆಲ್ ತೆಗೆಯುವವರು ಇನ್ನೂ ಹುಟ್ಟಿಲ್ಲ.

ಇಂಥ ಎರಡು ಫೋನು ಬಂದ ಮೇಲೆ ಡ್ರೈವರ್ ವೈರ್ ಕೀಳುತ್ತಾನೆ. ಆಶ್ಚರ್ಯವೇನಿಲ್ಲ. ಈ ಸಾಧನವನ್ನು ಮಾಲೀಕರು ಡ್ರೈವರ್ ಮೇಲಿನ ಪಹರೆ ಅಂತಲೇ ನೋಡುತ್ತಾರೆ, ಅವನ ಪರ ಸಾಕ್ಷಿ ಹೇಳುವುದೂ ಅದೇ ಅನ್ನುವುದು ತಲೆಗೆ ಹೋಗುವುದೇ ಇಲ್ಲ. ಪುಣೆ ಪಕ್ಕದ ಚಾಕಣ್‌ನ ಕಾರ್ಖಾನೆಗಳ ಗೇಟಿಗೇ ಬನ್ನಿ. ಲಾರಿ ಬೆಳಿಗ್ಗೆ ಬಂದು ನಿಂತಿರುತ್ತದೆ, ಒಳಗೆ ಬಿಡುವುದು ರಾತ್ರಿ, ಗೇಟ್ ಪುಸ್ತಕದಲ್ಲಿ ಬರೆಯುವುದೂ ರಾತ್ರಿಯ ಸಮಯವನ್ನೇ. ಹಾಲ್ಟಿಂಗ್ ದುಡ್ಡು, ಅಂದರೆ ಗಾಡಿ ಕಾಯಿಸಿದ್ದಕ್ಕೆ ಕೊಡಬೇಕಾದ ಹಣ, ಕೇಳಿದರೆ 'ನೀವು ಬಂದಿದ್ದೇ ಲೇಟು' ಅಂತ ಉತ್ತರ. ಗೇಟಿನ ಸುತ್ತ ನಕ್ಷೆಯಲ್ಲಿ ಗೆರೆ ಎಳೆದಿಟ್ಟರೆ, ಇದಕ್ಕೆ ಜಿಯೋಫೆನ್ಸ್ ಅನ್ನುತ್ತಾರೆ, ಗಾಡಿ ಗೆರೆ ದಾಟಿದ ಸಮಯ ತಾನಾಗಿ ದಾಖಲಾಗುತ್ತದೆ. ಆ ಸಾಲನ್ನು ಬಿಲ್ಲಿನ ಜೊತೆ ಕಳಿಸಿ, ಬಂದ ಹಾಲ್ಟಿಂಗ್‌ನಲ್ಲಿ ಡ್ರೈವರ್‌ಗೂ ಪಾಲು ಕೊಟ್ಟು ನೋಡಿ. ಆಮೇಲೆ ವೈರ್ ಸಡಿಲವಾದರೆ ಅವನೇ ಫೋನ್ ಮಾಡಿ ಹೇಳುತ್ತಾನೆ.

ಎಲ್ಲ ಗಾಡಿಗೂ ಒಟ್ಟಿಗೆ ಹಾಕಿಸುವ ಅವಸರ ಬೇಡ. ಮೊದಲು ಎರಡಕ್ಕೆ ಹಾಕಿಸಿ. ಮಾರುವವನ ಹತ್ತಿರ ಸುಮ್ನೆ ಮೂರು ಪ್ರಶ್ನೆ ಕೇಳಿ. ನನ್ನ ಗಾಡಿಯ ಮಾಡೆಲ್‌ನಲ್ಲಿ ಎಂಜಿನ್ ಸುತ್ತು ಓದುತ್ತದೆಯಾ, ತೋರಿಸು. ಘಾಟಿನಲ್ಲಿ ನೆಟ್‌ವರ್ಕ್ ಹೋದಾಗಿನ ಮಾಹಿತಿ ಆಮೇಲೆ ಬರುತ್ತದೆಯಾ? ಮುಂದಿನ ವರ್ಷ ಚಂದಾ ಕಟ್ಟದಿದ್ದರೆ ಹಳೇ ದಾಖಲೆ ನನಗೆ ಸಿಗುತ್ತದೆಯಾ? ಮೂರನೆಯದಕ್ಕೆ ಬಾಯಿಮಾತಿನ ಉತ್ತರ ಒಪ್ಪಬೇಡಿ, ಬರೆಸಿಕೊಳ್ಳಿ.