ಪ್ರಾರ್ಥನೆಯಲ್ಲಿ ಕಣ್ಣೀರು ಬರುವುದಿಲ್ಲ, ನನ್ನ ನಂಬಿಕೆ ಸುಳ್ಳಾ?

ಪ್ರಶ್ನೆ: ಚಿಕ್ಕಂದಿನಿಂದ ಸಭೆಗೆ ಹೋಗುತ್ತಿದ್ದೇನೆ. ದೀಕ್ಷಾಸ್ನಾನವೂ ಆಗಿದೆ. ಆದರೆ ಬೇರೆಯವರ ಹಾಗೆ ಪ್ರಾರ್ಥನೆಯಲ್ಲಿ ಅಳು ಬರುವುದಿಲ್ಲ, ಮನಸ್ಸು ತುಂಬಿ ಬರುವುದಿಲ್ಲ. ನನ್ನ ನಂಬಿಕೆ ನಿಜವಾದದ್ದೇ ಅಂತ ಹೇಗೆ ತಿಳಿಯುವುದು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ತಪ್ಪಿದೆ. ಕೇಳುವವರು ಬದಲಾಗುತ್ತಾರೆ, ಕಣ್ಣೀರು ಮಾತ್ರ ಪ್ರತಿ ಸಲವೂ ಇರುತ್ತದೆ. ಮೊದಲು ಅದನ್ನೇ ಮುಗಿಸಿಬಿಡೋಣ.

ನಂಬಿಕೆ ನಿಜವಾಗಿದ್ದರೆ ಒಳಗೆ ಏನೋ ಒಂದು ಅನುಭವ ಆಗಲೇಬೇಕು ಅಂತ ಸತ್ಯವೇದದಲ್ಲಿ (ಬೈಬಲಿನಲ್ಲಿ) ಎಲ್ಲಿದೆ? ಮತ್ತಾಯ 13ರ ಬಿತ್ತುವವನ ಕಥೆ ನಿಮಗೆ ಗೊತ್ತೇ ಇದೆ; ಬೀಜ ಎಂದರೆ ದೇವರ ವಾಕ್ಯ, ನೆಲ ಎಂದರೆ ಅದನ್ನು ಕೇಳುವವರು. ವಾಕ್ಯ ಕೇಳಿದ ಕೂಡಲೇ ಸಂತೋಷಪಟ್ಟ ನೆಲ ಯಾವುದು ಹೇಳಿ? ಬಂಡೆಯ ನೆಲ! ಬೇರಿರಲಿಲ್ಲ, ಬಿಸಿಲಿಗೆ ಒಣಗಿತು. ಒಳ್ಳೆಯ ನೆಲದ ವಿಷಯ ಬಂದಾಗ ಯೇಸು ಹೇಳಿದ್ದು ತಿಳಿದುಕೊಳ್ಳುವ ಮಾತು, ಫಲದ ಮಾತು. ಸಂತೋಷದ ಸುದ್ದಿಯೇ ಅಲ್ಲಿಲ್ಲ. ಇನ್ನು ಯಾಕೋಬ 2:19 ನೋಡಿ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಮೈ ನಡುಗುವುದೇ ಗುರುತಾಗಿದ್ದರೆ ಮೊದಲು ಪಾಸಾಗುವುದು ಅವೇ ಅಲ್ವಾ?

‘ವೆಸ್ಲಿಗೆ ಅನುಭವ ಆಗಿತ್ತಲ್ಲ’ ಎನ್ನುವವರು ಇದ್ದೇ ಇರುತ್ತಾರೆ. ಆಗಿತ್ತು. 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ, ಮೆಥಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿಯ ಹೃದಯ ಬೆಚ್ಚಗಾಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. 1739ರ ಜನವರಿಯಲ್ಲಿ ಅದೇ ವೆಸ್ಲಿ ‘ನಾನು ಕ್ರೈಸ್ತನೇ ಅಲ್ಲ’ ಎಂದು ದಿನಚರಿಯಲ್ಲಿ ಬರೆದುಕೊಂಡದ್ದನ್ನು ಯಾರೂ ಹೇಳುವುದಿಲ್ಲ. ಆ ಬಿಸಿ ಎಂಟು ತಿಂಗಳೂ ಸಾಲಲಿಲ್ಲ. ಅದೇ ಕಾಲದಲ್ಲಿ ಅಮೆರಿಕದ ಪಾದ್ರಿ ಜೊನಾಥನ್ ಎಡ್ವರ್ಡ್ಸ್ ತನ್ನ ಸಭೆಯಲ್ಲೇ ಅಳು, ಕೂಗು ಎಲ್ಲವನ್ನೂ ಕಣ್ಣಾರೆ ಕಂಡವನು. 1746ರಲ್ಲಿ ಇದರ ಮೇಲೆಯೇ ಒಂದು ದಪ್ಪ ಪುಸ್ತಕ ಬರೆದ. ಭಾವನೆ ಜೋರಾಗಿದ್ದರೆ ಅದರಿಂದ ಪರವಾಗಿಯೂ ಏನೂ ಸಾಬೀತಾಗುವುದಿಲ್ಲ, ವಿರುದ್ಧವಾಗಿಯೂ ಆಗುವುದಿಲ್ಲ ಅಂದ. ನಡತೆಯೇ ದೊಡ್ಡ ಗುರುತು ಅಂದ. ಇನ್ನೂರೈವತ್ತು ವರ್ಷ ದಾಟಿದೆ, ನಾನಿನ್ನೂ ಅದನ್ನೇ ಹೇಳುತ್ತಾ ಕೂತಿದ್ದೇನೆ.

ಅಳುವುದು ತಪ್ಪು ಅಂತಲ್ಲ. ಯೇಸುವನ್ನು ಅರಿಯೆನೆಂದು ಹೇಳಿದ ಮೇಲೆ ಶಿಷ್ಯ ಪೇತ್ರ ಬಹಳವಾಗಿ ಅತ್ತ. ಆದರೆ ಯೇಸುವನ್ನು ಹಿಡಿದುಕೊಟ್ಟ ಯೂದನಿಗೂ ಪಶ್ಚಾತ್ತಾಪವಾಗಿತ್ತು, ಮೂವತ್ತು ಬೆಳ್ಳಿ ನಾಣ್ಯಗಳನ್ನು ವಾಪಸ್ ಕೊಡುವಷ್ಟು. ಆಮೇಲೆ ಪೇತ್ರ ಯೇಸುವಿನ ಹತ್ತಿರ ಬಂದ, ಯೂದ ಬರಲಿಲ್ಲ.

ಸರಿ, ಹಾಗಾದರೆ ಏನನ್ನು ನೋಡಬೇಕು? ‘ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿರಿ’ ಎಂಬ ಮಾತು 2 ಕೊರಿಂಥ 13:5ರಲ್ಲಿದೆ. ಅದನ್ನು ಒಂಟಿಯಾಗಿ ಕಿತ್ತುಕೊಂಡು ರಾತ್ರಿಯಿಡೀ ಹೆದರುವವರು ಜಾಸ್ತಿ. ಎರಡು ವಚನ ಹಿಂದಕ್ಕೆ ಹೋಗಿ. ಕ್ರಿಸ್ತನು ನಿನ್ನ ಮೂಲಕ ಮಾತಾಡುತ್ತಾನಾ ಎಂದು ಕೊರಿಂಥದವರು ಪತ್ರ ಬರೆದ ಪೌಲನಿಂದಲೇ ಪುರಾವೆ ಕೇಳುತ್ತಿದ್ದರು. ನನ್ನನ್ನು ಬಿಡಿ, ನಿಮ್ಮನ್ನು ನೋಡಿಕೊಳ್ಳಿ ಎಂದು ಅವನು ತಿರುಗಿಸಿ ಹೇಳಿದ. ಕ್ರಿಸ್ತನು ನಿಮ್ಮಲ್ಲೇ ಇದ್ದಾನೆಂದು ತಿಳಿಯದೋ ಎಂದೂ ಅದೇ ಉಸಿರಲ್ಲಿ ಕೇಳಿದ.

ಪರೀಕ್ಷೆಯ ವಿವರ ಬೇಕಿದ್ದರೆ ಯೋಹಾನನ ಮೊದಲ ಪತ್ರ ಓದಿ, ಐದೇ ಅಧ್ಯಾಯ. ಯೇಸು ಯಾರೆಂದು ನಂಬುತ್ತೀರಿ, ಅವನ ಮಾತಿನಂತೆ ನಡೆಯುತ್ತೀರಾ, ಸಹೋದರನನ್ನು ಪ್ರೀತಿಸುತ್ತೀರಾ. ಈ ಮೂರೇ ಅಲ್ಲಿ ತಿರುಗಿ ತಿರುಗಿ ಬರುತ್ತವೆ. ಕಷ್ಟದಲ್ಲಿರುವವನನ್ನು ಕಂಡೂ ಕೈ ಬಿಗಿ ಹಿಡಿದಿರಾ? ಮಾತು ಬಿಟ್ಟವರ ಹತ್ತಿರ ಕೊನೆಯ ಸಲ ಹೋದದ್ದು ಯಾವಾಗ? ಅಲ್ಲಿ ನೋಡಿಕೊಳ್ಳಿ. ಪಾಪವೇ ಇರಬಾರದು ಅಂತಲ್ಲ. ಪಾಪವಿಲ್ಲ ಎನ್ನುವವನು ತನ್ನನ್ನೇ ಮೋಸಮಾಡಿಕೊಳ್ಳುತ್ತಾನೆ ಎಂದು ಮೊದಲ ಅಧ್ಯಾಯದಲ್ಲೇ ಇದೆ. ಮನಸ್ಸು ನಮ್ಮನ್ನು ತಪ್ಪಿತಸ್ಥರೆಂದು ಹೇಳಿದರೂ ದೇವರು ಮನಸ್ಸಿಗಿಂತ ದೊಡ್ಡವನು ಎಂಬ ಮಾತು 3:20ರಲ್ಲಿದೆ. ನೀವು ಕೇಳಿದ್ದಕ್ಕೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ತಿರ ಇಲ್ಲ.

ಇಷ್ಟು ಓದಿದ ಮೇಲೆ ಕೆಲವರ ತಲೆ ಬೇರೆ ಕಡೆ ಓಡುತ್ತದೆ, ಗೊತ್ತು. ಗಂಡನದು ನಿಜವಾದ ನಂಬಿಕೆಯಾ? ಪಕ್ಕದ ಬೆಂಚಿನವರದು? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ‘ಅವರ ಫಲಗಳಿಂದ ತಿಳಿಯುವಿರಿ’ ಎಂದದ್ದು ಸುಳ್ಳು ಪ್ರವಾದಿಗಳ ಬಗ್ಗೆ. ಸುಮ್ನೆ ಮನೆಯವರ ಮೇಲೆ ಬಳಸಬೇಡಿ. ಯೇಸು ಹೇಳಿದ ಇನ್ನೊಂದು ಕಥೆಯಲ್ಲಿ, ಗೋಧಿಯ ನಡುವೆ ಹಣಜಿ ಎಂಬ ಕಳೆ ಬೆಳೆದಾಗ ಆಳುಗಳು ಕಿತ್ತುಹಾಕಲು ತಯಾರಾಗಿಯೇ ಬಂದಿದ್ದರು. ತೆನೆ ಬರುವವರೆಗೆ ಆ ಎರಡು ಗಿಡಗಳನ್ನು ಗುರುತಿಸುವುದು ಕಷ್ಟ, ಬೇರುಗಳೂ ಹೆಣೆದುಕೊಂಡಿರುತ್ತವೆ. ಯಜಮಾನ ಬೇಡ ಅಂದ. ಸುಗ್ಗಿಯಲ್ಲಿ ಆರಿಸಲು ಅವನು ಬೇರೆಯವರನ್ನು ಕಳಿಸುತ್ತಾನೆ.