ಹೊಲಿಗೆ ಬಿಚ್ಚಲು ಮತ್ತೆ ತಲಪಾಡಿ ದಾಟಬೇಕಾ?

2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಕರ್ನಾಟಕ-ಕೇರಳದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ನನ್ನ ತಂಗಿಯ ಬಾಯಲ್ಲಿ ಮೂರು ಹೊಲಿಗೆ ಇತ್ತು. ಮಂಗಳೂರಿನಲ್ಲಿ ಬುದ್ಧಿಹಲ್ಲು ತೆಗೆಸಿ ಕೇರಳದ ಕಡೆಯ ಮಂಜೇಶ್ವರಕ್ಕೆ ಬಂದು ನಾಲ್ಕೇ ದಿನ ಆಗಿತ್ತು. ಏಳನೇ ದಿನ ಬಿಚ್ಚಿಸಲು ಬನ್ನಿ ಎಂದಿದ್ದರು. ಹೋಗುವುದು ಹೇಗೆ? ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದಿದ್ದರು. ಟಾರ್ಚ್ ಬಿಟ್ಟು ನೋಡಿದರೆ ದವಡೆಯ ಮೂಲೆಯಲ್ಲಿ ಕಪ್ಪು ನೂಲು, ಅದರ ಗಂಟಿಗೆ ಸಿಕ್ಕಿಕೊಂಡ ಗಂಜಿಯ ಒಂದು ಅಗುಳು. ಊರಿನ ಡಾಕ್ಟರೊಬ್ಬರು ಹನ್ನೆರಡನೇ ದಿನ ಬಿಚ್ಚಿಕೊಟ್ಟರು. ಅಷ್ಟರಲ್ಲಿ ಸುತ್ತಲಿನ ಒಸಡು ಕೆಂಪಗೆ ಊದಿತ್ತು.

ತಾನಾಗಿ ಕರಗುವ ನೂಲು ಇರುವಾಗ ಬಿಚ್ಚಬೇಕಾದ ನೂಲು ಯಾಕೆ?

ಆ ಕಪ್ಪು ನೂಲು ರೇಷ್ಮೆ. ಸೀರೆ ನೇಯುವ ಅದೇ ಹುಳದ ಎಳೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಯುರೋಪ್, ಅಮೆರಿಕದ ದೊಡ್ಡ ಸರ್ಜನ್‌ಗಳು ಇದನ್ನು ಮೆಚ್ಚಿದರು. ಕೈಗೆ ಮೆತ್ತಗೆ, ಗಂಟು ಜಾರುವುದಿಲ್ಲ, ತುದಿ ನಾಲಿಗೆಗೆ ಚುಚ್ಚುವುದಿಲ್ಲ, ಬೆಲೆಯೂ ಕಡಿಮೆ. ಹಲ್ಲಿನ ಡಾಕ್ಟರುಗಳು ಇವತ್ತಿಗೂ ಇದನ್ನು ಬಿಡದಿರುವುದು ಅದಕ್ಕೇ. ಆದರೆ ಇದು ಹಲವು ಎಳೆ ಹೆಣೆದ ನೂಲು. ದೀಪದ ಬತ್ತಿ ಎಣ್ಣೆ ಹೀರುವಂತೆ ಎಂಜಲನ್ನು ಹೀರುತ್ತದೆ. ಜೊತೆಗೆ ಕ್ರಿಮಿಗಳೂ ಒಳಗೆ ಸೇರುತ್ತವೆ. ಹೆಚ್ಚು ದಿನ ಬಿಡಬಾರದು ಎನ್ನುವುದು ಇದಕ್ಕಾಗಿ.

ಹೊಲಿಗೆಯ ಕತೆ ಇನ್ನೂ ಹಳೆಯದು. ಸುಶ್ರುತ ಸಂಹಿತೆಯಲ್ಲಿ ನಾರು, ಕೂದಲಿನ ಹೊಲಿಗೆಯ ಮಾತಿದೆ. ಕರುಳಿನ ಗಾಯಕ್ಕೆ ದೊಡ್ಡ ಇರುವೆಗಳಿಂದ ಕಚ್ಚಿಸಿ, ತಲೆಯನ್ನು ಮಾತ್ರ ಅಲ್ಲೇ ಬಿಡುವ ಉಪಾಯವೂ ಇದೆ. ಒಳಗೆ ಹೊಲಿದರೆ ಮತ್ತೆ ಬಿಚ್ಚುವುದು ಆಗದ ಮಾತು ಅಲ್ವಾ? ಆಮೇಲೆ ಬಂದ ಕರಗುವ ನೂಲು ಕ್ಯಾಟ್‌ಗಟ್. ಹೆಸರಲ್ಲಿ ಕ್ಯಾಟ್ ಇದ್ದರೂ ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಕುರಿ, ದನದ ಕರುಳಿನ ಪದರದಿಂದ ಮಾಡುತ್ತಿದ್ದರು. ಬ್ರಿಟನ್ನಿನ ಸರ್ಜನ್ ಜೋಸೆಫ್ ಲಿಸ್ಟರ್ 1860ರ ದಶಕದ ಕೊನೆಗೆ ಅದನ್ನು ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಆಸಿಡ್‌ನಲ್ಲಿ ಅದ್ದಿ ಬಳಸಿದ. ಬೇಗ ಕರಗದಿರಲಿ ಎಂದು ಕ್ರೋಮಿಯಂ ಉಪ್ಪು ಸೇರಿಸಿದ್ದು ಕ್ರೋಮಿಕ್ ಕ್ಯಾಟ್‌ಗಟ್. ಪ್ರಾಣಿಯ ಪ್ರೋಟೀನ್ ಆದ್ದರಿಂದ ದೇಹ ಅದರ ಮೇಲೆ ಎರಗುತ್ತದೆ, ಸ್ವಲ್ಪ ಊತ ಜಾಸ್ತಿ. ಎಷ್ಟು ದಿನ ಗಟ್ಟಿ ಇರುತ್ತದೆ ಎನ್ನುವುದೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಹುಚ್ಚು ಹಸು ರೋಗದ ಭಯದಿಂದ ಯುರೋಪ್ ಇದನ್ನು ಕೈಬಿಟ್ಟಿತು.

1970ರ ಸುಮಾರಿಗೆ ಪಾಲಿಗ್ಲೈಕಾಲಿಕ್ ಆಸಿಡ್ ಎಂಬ ಕೃತಕ ನೂಲು ಬಂತು. 1974ರಲ್ಲಿ ಅದೇ ಬಗೆಯ ವಿಕ್ರಿಲ್. ಇವು ನೀರಿನಂಶಕ್ಕೇ ಒಡೆದು ಕರಗುತ್ತವೆ, ಊತ ಕಡಿಮೆ. ಆದರೆ ವಿಕ್ರಿಲ್ ಪೂರ್ತಿ ಕರಗಲು 56ರಿಂದ 70 ದಿನ ಬೇಕು. ಬಾಯಿಗೆ ಅಷ್ಟು ದಿನ ಯಾಕೆ? ಹಾಗಾಗಿ ಬೇಗ ಸಡಿಲಾಗುವ ವಿಕ್ರಿಲ್ ರಾಪಿಡ್ ಬಂತು. ಅದರ ಹೊಲಿಗೆ ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ಉದುರಲು ಶುರುವಾಗುತ್ತದೆ.

ಇಷ್ಟಾದರೂ ಗಾಯ ಮಾಯುವುದರಲ್ಲಿ ನೂಲಿನ ಪಾತ್ರ ನಾವು ಅಂದುಕೊಂಡಷ್ಟಿಲ್ಲ. ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರಬೇಕು. ಅದು ಕಿತ್ತುಹೋದರೆ ಮೂರ್ನಾಲ್ಕನೇ ದಿನಕ್ಕೆ ತಡೆಯಲಾಗದ ನೋವು, ಡ್ರೈ ಸಾಕೆಟ್. ಬೀಡಿ, ಸಿಗರೇಟು ಸೇದಿದರೆ ಅದರ ಸಾಧ್ಯತೆ ಜಾಸ್ತಿ. ಎಲೆಅಡಿಕೆ ಹಾಕುವವರೂ ಗಾಯ ಮಾಯುವವರೆಗೆ ದಯವಿಟ್ಟು ಬಿಡಿ. ಅಡಿಕೆ ಬೆಳೆಯುವ ನಮ್ಮ ಊರಲ್ಲಿ ಇದು ಕಷ್ಟದ ಮಾತು, ಗೊತ್ತು.

ಹಾಗಾದರೆ ಯಾವ ನೂಲು? ಡಾಕ್ಟರು ಪಕ್ಕದ ಬೀದಿಯಲ್ಲೇ ಇದ್ದರೆ ರೇಷ್ಮೆ ಸಾಕು. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವವರಿಗೆ ಐವತ್ತು ಕಿಲೋಮೀಟರ್ ದಾರಿ, ಒಂದು ದಿನದ ಕೂಲಿ, ಊದಿದ ಕೆನ್ನೆ ಹೊತ್ತು ಬಸ್ಸಿನ ನೂಕುನುಗ್ಗಲು. ಈ ಲೆಕ್ಕವನ್ನು ಡಾಕ್ಟರಿಗೆ ಮೊದಲೇ ಹೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಬದಿಯ ಹಲ್ಲು ತೆಗೆಸುವಾಗ ತಂಗಿ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದಳು, "ಡಾಕ್ಟ್ರೇ, ಕರಗುವ ನೂಲು ಹಾಕ್ತೀರಾ?" ಹಾಕಿದರು. ಒಂಬತ್ತನೇ ದಿನ ಊಟದ ನಡುವೆ ನೂಲಿನ ತುಂಡೊಂದು ನಾಲಿಗೆಗೆ ಸಿಕ್ಕಿತು. ಅದನ್ನು ತೆಗೆದು ಬಟ್ಟಲಿನ ಅಂಚಿಗಿಟ್ಟು ಊಟ ಮುಂದುವರಿಸಿದಳು.