ಗಮ್ ಮುದ್ರಣದಲ್ಲಿ ಉಳಿಯುವ ಕಲೆ: ಮೊದಲು ಮೂಲ ಹುಡುಕಿ

ಗೋಂದು ಮತ್ತು ಬಣ್ಣದಿಂದ ಛಾಯಾಚಿತ್ರ ಮುದ್ರಿಸುವ ಹಳೆಯ ವಿಧಾನವಾದ ಗಮ್ ಬೈಕ್ರೋಮೇಟ್ ಮುದ್ರಣವನ್ನು ಕಲಿಯುವವರು ನನಗೆ ತಂದು ತೋರಿಸುವ ಚಿತ್ರಗಳಲ್ಲಿ ಪದೇಪದೇ ಕಾಣುವ ದೋಷವೆಂದರೆ, ಬೆಳ್ಳಗೆ ಉಳಿಯಬೇಕಾದ ಜಾಗ ಬಣ್ಣ ಹಿಡಿದು ಮಾಸಿರುವುದು. ಅದನ್ನು ಕಂಡೊಡನೆ ಕೆಲವರು ಕಾಗದ ಬದಲಿಸುತ್ತಾರೆ, ಕೆಲವರು ಬೆಳಕಿಗೊಡ್ಡುವ ಅವಧಿಯನ್ನು ತಗ್ಗಿಸುತ್ತಾರೆ. ಕಲೆ ಯಾವುದರದ್ದೆಂದು ತಿಳಿಯುವ ತನಕ ಏನನ್ನೂ ಬದಲಿಸಬೇಡಿ ಎಂಬುದು ನನ್ನ ಮೊದಲ ಮಾತು.

ಅರಬ್ಬಿ ಗೋಂದು, ಜಲವರ್ಣ ಮತ್ತು ಡೈಕ್ರೋಮೇಟ್ (ಬೈಕ್ರೋಮೇಟಿನ ಇನ್ನೊಂದು ಹೆಸರು) ಎಂಬ ರಾಸಾಯನಿಕದ ದ್ರಾವಣವನ್ನು ಬೆರೆಸಿ ಬಳಿದ ಪದರಕ್ಕೆ ಅತಿನೇರಳೆ ಬೆಳಕು ತಾಗಿದಲ್ಲಿ ಗೋಂದು ಗಟ್ಟಿಯಾಗುತ್ತದೆ. ತಾಗದಲ್ಲಿ ಅದು ನೀರಿನಲ್ಲಿ ಕರಗಿ, ತನ್ನೊಳಗಿನ ಬಣ್ಣವನ್ನೂ ಹೊತ್ತುಕೊಂಡು ಹೋಗುತ್ತದೆ. 1850ರ ದಶಕದಲ್ಲಿ ಈ ಬಗೆಯ ಮುದ್ರಣದ ಆರಂಭಿಕ ಪ್ರಯೋಗಕಾರರಾದ ಪ್ವಾತ್ವೆ, ಪೌನ್ಸಿ ಮೊದಲಾದವರು ನೆಚ್ಚಿಕೊಂಡದ್ದೂ ಡೈಕ್ರೋಮೇಟಿನ ಈ ಗುಣವನ್ನೇ. ಗೋಂದು ಕರಗಿ ಹೋದರೂ ಬಣ್ಣದ ಕಣಗಳು ಕಾಗದದ ನಾರಿನಲ್ಲಿ ಸಿಕ್ಕಿಕೊಂಡು ಉಳಿದರೆ ಅದು ಬಣ್ಣದ ಕಲೆ. ಬೆಳಕು ಬಿದ್ದ ಕಡೆ ಕಂದು ಛಾಯೆ ಉಳಿದರೆ ಅದು ಡೈಕ್ರೋಮೇಟಿನದ್ದು, ಅದರ ಬಗ್ಗೆ ಹೆಚ್ಚು ಚಿಂತೆ ಬೇಡ. ಚಿತ್ರ ಒಣಗಿದ ಮೇಲೆ ಶೇಕಡಾ 1ರಿಂದ 2ರಷ್ಟಿರುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಕೆಲವು ನಿಮಿಷ ಇಟ್ಟು ತೊಳೆದರೆ ಸಾಮಾನ್ಯವಾಗಿ ಹೋಗುತ್ತದೆ.

ಮೂರನೆಯದು ಮೋಸಗೊಳಿಸುವಂಥದ್ದು. ಬಳಿದ ಕಾಗದ ಬೆಳಕಿಲ್ಲದೆಯೂ, ಅದರಲ್ಲೂ ಸೆಕೆ ಮತ್ತು ತೇವದಲ್ಲಿ, ತಾನೇ ನಿಧಾನವಾಗಿ ಗಟ್ಟಿಯಾಗುತ್ತದೆ. ಆಗ ಉಳಿಯುವ ಮಬ್ಬು ನೋಡಲು ಬಣ್ಣದ ಕಲೆಯಂತೆಯೇ ಇರುತ್ತದೆ. ಇವೆರಡನ್ನೂ ಬೇರ್ಪಡಿಸಲು ಒಂದೇ ಮಿಶ್ರಣವನ್ನು ಎರಡು ಪಟ್ಟಿಗಳ ಮೇಲೆ ಬಳಿಯಿರಿ. ಒಂದನ್ನು ಒಣಗಿದ ಕೂಡಲೇ ಬೆಳಕಿಗೊಡ್ಡದೆ ತೊಳೆಯಿರಿ. ಇನ್ನೊಂದನ್ನು ನಿಮ್ಮ ಕೆಲಸದಲ್ಲಿ ಕಾಗದ ಎಷ್ಟು ಹೊತ್ತು ಕಾಯುತ್ತದೋ ಅಷ್ಟು ಹೊತ್ತು ಕತ್ತಲಲ್ಲಿಟ್ಟು ಆಮೇಲೆ ತೊಳೆಯಿರಿ. ಮೊದಲನೆಯದು ಬೆಳ್ಳಗಾಗಿ ಎರಡನೆಯದು ಮಾಸಿದ್ದರೆ ತಪ್ಪು ಕಾಗದವನ್ನು ತೊಳೆಯದೆ ಹಾಗೇ ಇಟ್ಟಿದ್ದರಲ್ಲಿದೆ. ಎರಡೂ ಮಾಸಿದ್ದರೆ ಬಣ್ಣದ ಪ್ರಮಾಣವನ್ನು, ಇಲ್ಲವೇ ಬಣ್ಣ ನಾರಿಗಿಳಿಯದಂತೆ ಕಾಗದಕ್ಕೆ ಮೊದಲೇ ಕೊಟ್ಟ ಜೆಲಟಿನ್ ಲೇಪವನ್ನು ಅನುಮಾನಿಸಬೇಕು. ಡೈಕ್ರೋಮೇಟ್ ಸೇರಿಸದೆ ಬರೀ ಗೋಂದು ಮತ್ತು ಬಣ್ಣದ ಚುಕ್ಕೆಗಳನ್ನಿಟ್ಟು ತೊಳೆದು ಪ್ರಮಾಣ ನಿರ್ಧರಿಸುವ ಹಳೆಯ ಪದ್ಧತಿಯನ್ನು ನಾನು ನಂಬುವುದಿಲ್ಲ, ಏಕೆಂದರೆ ಮುದ್ರಿಸುವಾಗ ಬಳಿಯುವ ಮಿಶ್ರಣ ಅದಲ್ಲ. ಸಮಪಾಲು ಡೈಕ್ರೋಮೇಟ್ ಸೇರಿದರೆ ಬಣ್ಣದ ಸಾಂದ್ರತೆ ಅರ್ಧಕ್ಕೆ ಇಳಿದಿರುತ್ತದೆ.

ಬಣ್ಣ ಬೆರೆಸುವಾಗ ಟ್ಯೂಬಿನ ಮೇಲಿನ ಚಂದದ ಹೆಸರಿಗಿಂತ ಅದರಲ್ಲಿ ಯಾವ ವರ್ಣದ್ರವ್ಯವಿದೆಯೆಂದು ತಿಳಿಸುವ ಸಂಖ್ಯೆಯನ್ನು ನೋಡುವುದು ಮುಖ್ಯ. ಒಂದೇ ಹೆಸರಿನ ಎರಡು ಟ್ಯೂಬುಗಳಲ್ಲಿ ಬೇರೆ ಬೇರೆ ದ್ರವ್ಯಗಳಿರಬಹುದು. ದ್ರವ್ಯ ಒಂದೇ ಆದರೂ ಅದರ ಪ್ರಮಾಣ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಪಿಬಿ15 ಎಂಬ ಸಂಖ್ಯೆಯ ಥ್ಯಾಲೋ ನೀಲಿಯ ಕಣಗಳು ಬಹಳ ಸಣ್ಣವು, ಅದರ ಬಣ್ಣ ಕೊಡುವ ಶಕ್ತಿಯೂ ಹೆಚ್ಚು. ಹೀಗಾಗಿ ಮಣ್ಣಿನ ಬಣ್ಣಗಳಿಗೆ 10 ಮಿಲಿಲೀಟರ್ ಗೋಂದಿಗೆ 1 ಗ್ರಾಂನಿಂದ ಆರಂಭಿಸುವ ನಾನು, ಥ್ಯಾಲೋ ನೀಲಿಯನ್ನು ಅದರ ಕಾಲುಭಾಗದಿಂದ ಆರಂಭಿಸುತ್ತೇನೆ. ಕಪ್ಪಿಗೆಂದು ಎರಡು ಮೂರು ಬಣ್ಣ ಬೆರೆಸಿದಾಗ ತೊಳೆದ ಬಿಳಿಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ: ಚಿತ್ರ ಬೂದುಬಣ್ಣದ್ದಾಗಿದ್ದು ಬಿಳಿಯಲ್ಲಿ ಮಾತ್ರ ತಿಳಿನೀಲಿ ಉಳಿದಿದ್ದರೆ, ಇಡೀ ಮಿಶ್ರಣವನ್ನು ತೆಳುಮಾಡುವ ಅಗತ್ಯವಿಲ್ಲ, ನೀಲಿಯನ್ನಷ್ಟೇ ತಗ್ಗಿಸಿದರೆ ಸಾಕು. ಗಾಢತೆ ಬೇಕೆಂದು ಒಂದೇ ಪದರದಲ್ಲಿ ಬಣ್ಣ ತುಂಬುವುದಕ್ಕಿಂತ ತೆಳುಪದರಗಳನ್ನು ಎರಡು ಮೂರು ಬಾರಿ ಮುದ್ರಿಸುವುದೇ ಲೇಸು.

ಬಣ್ಣವನ್ನು ಮೊದಲು ಕೆಲವೇ ಹನಿ ಗೋಂದಿನಲ್ಲಿ ಗಂಟಿಲ್ಲದಂತೆ ಅರೆದು, ಬಳಿಕ ಉಳಿದ ಗೋಂದನ್ನು ಸೇರಿಸಿ. ಅರೆಯದೆ ಉಳಿದ ಗಂಟು ಕಾಗದದ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕವಾದ್ದರಿಂದ ಕೈಗವಸು ಕಡ್ಡಾಯ, ಪುಡಿಯನ್ನು ಉಸಿರಾಡಬಾರದು, ಉಳಿಕೆಯನ್ನು ಚರಂಡಿಗೆ ಚೆಲ್ಲಬಾರದು. ತೊಳೆಯುವಾಗ ಚಿತ್ರವನ್ನು ಬೋರಲಾಗಿ ತಣ್ಣೀರಿನಲ್ಲಿ ತೇಲಬಿಟ್ಟು, ನೀರು ಬದಲಿಸುತ್ತಾ ಅರ್ಧ ಗಂಟೆಯಾದರೂ ಕಾಯಿರಿ. ಅಷ್ಟರೊಳಗೆ ಕುಂಚ ಆಡಿಸಿದರೆ, ತಾನಾಗಿ ಬಿಡಬೇಕಿದ್ದ ಬಣ್ಣವನ್ನು ನೀವೇ ನಾರಿಗೆ ತಿಕ್ಕಿದಂತಾಗುತ್ತದೆ.